ವಾಪಸಾತಿಯ ನಿಯಮವೂ ನಮ್ಮ ಊರಿನ ವ್ಯಾಪಾರಿಯೂ

ಭದ್ರಾವತಿಯ ಕಾಗದನಗರಕ್ಕೆ ಆ ಹೆಸರು ಸುಮ್ಮನೆ ಬಂದುದಲ್ಲ. ೧೯೩೬ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರವರ ಆಳ್ವಿಕೆಯಲ್ಲಿ ಸ್ಥಾಪಿತವಾದ ಮೈಸೂರು ಕಾಗದ ಕಾರ್ಖಾನೆಯು ದಶಕಗಳ ಕಾಲ ನಾಡಿನ ಶಾಲೆಗಳಿಗೂ ಕಚೇರಿಗಳಿಗೂ ಅಚ್ಚುಕೂಟಗಳಿಗೂ ಕಾಗದವನ್ನು ಒದಗಿಸಿತು; ತನ್ನ ಸುತ್ತಲೂ ಒಂದು ಊರನ್ನೇ ಕಟ್ಟಿತು. ೨೦೧೫ರಲ್ಲಿ ಅದರ ಉತ್ಪಾದನೆ ನಿಂತುಹೋಯಿತು. ಈಗ ಆ ಊರಿಗೆ ಕಾಗದವು ಬೇರೊಂದು ರೂಪದಲ್ಲಿ, ಹೊರಗಿನಿಂದ ಬರುತ್ತಿದೆ. ಬಟವಾಡೆಯ ಹುಡುಗನು ಬೆನ್ನಿನ ಮೇಲೆ ಹೊತ್ತು ತರುವ ದೊಡ್ಡ ಚೀಲದ ತುಂಬ ರಟ್ಟಿನ ಪೆಟ್ಟಿಗೆಗಳು. ಸಂಜೆ ಅದೇ ಹುಡುಗನು ಅದೇ ಚೀಲದಲ್ಲಿ ಕೆಲವು ಪೆಟ್ಟಿಗೆಗಳನ್ನು ಹಿಂದಕ್ಕೆ ಒಯ್ಯುವುದನ್ನೂ ನಾವು ಕಾಣುತ್ತೇವೆ. ಹೀಗೆ ಬಂದ ದಾರಿಯಲ್ಲೇ ಹಿಂದಿರುಗುವ ಪೆಟ್ಟಿಗೆಯ ವಿಚಾರವೇ ಇಂದಿನ ನಮ್ಮ ಲೇಖನದ ವಸ್ತು.

ಆನ್‌ಲೈನ್ ಪೇಟೆಯು ಸಣ್ಣ ಬಂಡವಾಳದವನಿಗೆ ತೋರಿಸುವ ಆಸೆ ದೊಡ್ಡದು. ಶಿವಮೊಗ್ಗದ ಗಾಂಧಿ ಬಜಾರಿನಲ್ಲಾಗಲಿ ದುರ್ಗಿಗುಡಿಯಲ್ಲಾಗಲಿ ಅಂಗಡಿ ಹಿಡಿಯಬೇಕಾದರೆ ಮುಂಗಡ ಕೊಡಬೇಕು, ತಿಂಗಳು ತಿಂಗಳು ಬಾಡಿಗೆ ತೆರಬೇಕು, ಆಳನ್ನು ಇಡಬೇಕು. ಆನ್‌ಲೈನ್ ಪೇಟೆಯಲ್ಲಿ ಮನೆಯ ನಡುಮನೆಯೇ ಅಂಗಡಿ. ಕೈಯಲ್ಲಿರುವ ಫೋನೇ ಗಲ್ಲಾಪೆಟ್ಟಿಗೆ. ಕಾರ್ಖಾನೆಯ ಸಂಬಳವನ್ನು ನೆಚ್ಚಿ ಬೆಳೆದ ಊರಿನ ಯುವಕನು ಮನೆಯಲ್ಲಿ ಕುಳಿತೇ ಗೌಹಾಟಿಯ ಗಿರಾಕಿಗೆ ಬಟ್ಟೆ ಮಾರಬಹುದು. ಸಾಗರದ ಕಡೆಯ ಗೃಹಿಣಿ ಅಪ್ಪೆಮಿಡಿಯ ಉಪ್ಪಿನಕಾಯಿಯನ್ನೂ ಹಲಸಿನ ಹಪ್ಪಳವನ್ನೂ ಮುಂಬಯಿಗೆ ಕಳುಹಿಸಬಹುದು. ಇದು ಅಲ್ಪ ಪ್ರಯೋಜನವಲ್ಲ; ಅದನ್ನು ಅಲ್ಲಗಳೆಯುವುದು ನಮ್ಮ ಉದ್ದೇಶವೂ ಅಲ್ಲ. ಆದರೆ ಅಂಗಡಿ ತನ್ನದಾದರೂ ಅಂಗಡಿಯ ಕಟ್ಟಳೆ ತನ್ನದಲ್ಲವೆಂಬ ಸಂಗತಿಯು, ಮೊದಲ ಪೆಟ್ಟಿಗೆ ಹಿಂದಿರುಗಿದ ದಿನ ಆ ವ್ಯಾಪಾರಿಗೆ ತಿಳಿಯುತ್ತದೆ. ಆ ಕಟ್ಟಳೆ ಇಂದು ಇದ್ದಂತೆ ನಾಳೆ ಇರುವುದಿಲ್ಲವೆಂಬುದು ತಿಳಿಯುವುದಕ್ಕೂ ಬಹಳ ಕಾಲ ಬೇಕಾಗುವುದಿಲ್ಲ.

ಮಾರಿದ ಸರಕು ಹಿಂದಿರುಗುವುದು ಈ ಕಾಲದ ಸೃಷ್ಟಿಯೇನೂ ಅಲ್ಲ. ನಮ್ಮ ದೇಶದ ಟಪಾಲು ಇಲಾಖೆಯು ೧೮೭೭ರಲ್ಲಿ ವಿ.ಪಿ.ಪಿ. ಪದ್ಧತಿಯನ್ನು ಜಾರಿಗೆ ತಂದಂದಿನಿಂದ ದೂರದ ಗಿರಾಕಿಯ ಚಂಚಲತೆ ನಮ್ಮ ವರ್ತಕರಿಗೂ ಪುಸ್ತಕ ಪ್ರಕಾಶಕರಿಗೂ ಪರಿಚಿತವಾದುದೇ. ಗಿರಾಕಿ ಬರೆದು ತರಿಸಿಕೊಳ್ಳುತ್ತಿದ್ದನು; ಅಂಚೆಯವನು ಬಾಗಿಲಿಗೆ ಬಂದಾಗ ಮನಸ್ಸು ಬದಲಾಯಿಸಿ "ಬೇಡ" ಎನ್ನುತ್ತಿದ್ದನು; ಪಾರ್ಸೆಲು ಹಿಂದಿರುಗುತ್ತಿತ್ತು; ಅಂಚೆವೆಚ್ಚ ವರ್ತಕನ ತಲೆಯ ಮೇಲೆ ಬೀಳುತ್ತಿತ್ತು. ಆದರೆ ಅಲ್ಲಿ ಒಂದು ಸಮಾಧಾನವಿತ್ತು. ಕಟ್ಟಳೆ ಅಚ್ಚಾಗಿತ್ತು; ಎಲ್ಲರಿಗೂ ಒಂದೇ ಆಗಿತ್ತು; ಅಂಚೆಯವನಿಗೆ ಸರಕಿನ ಲಾಭನಷ್ಟದಲ್ಲಿ ಪಾಲಿರಲಿಲ್ಲ. ಪಾರ್ಸೆಲನ್ನು ಬಿಚ್ಚಿ, ಹಳೆಯದನ್ನು ಒಳಗಿಟ್ಟು, ಹೊಸದನ್ನು ಉಳಿಸಿಕೊಂಡು ಹಿಂದಕ್ಕೆ ಕಳುಹಿಸುವ ಅವಕಾಶವೂ ಗಿರಾಕಿಗೆ ಇರಲಿಲ್ಲ.

ಕಾನೂನಿನ ಮಾತಿಗೆ ಬಂದರೆ, ಇಂದಿಗೂ ನಮ್ಮ ಮಾರಾಟ ವ್ಯವಹಾರಗಳ ತಳಹದಿ ೧೯೩೦ರ ಸರಕು ಮಾರಾಟ ಕಾಯಿದೆ. ವರ್ಣನೆಯ ಮೇಲೆ ಮಾರಿದ ಸರಕು ವರ್ಣನೆಗೆ ಹೊಂದಿರಬೇಕೆಂದೂ, ಕೊಂಡವನಿಗೆ ಸರಕನ್ನು ಪರೀಕ್ಷಿಸಲು ತಕ್ಕ ಅವಕಾಶವಿರಬೇಕೆಂದೂ ಅದು ಹೇಳುತ್ತದೆ. ಇದರ ಮೇಲೆ ೨೦೧೯ರ ಗ್ರಾಹಕ ಸಂರಕ್ಷಣಾ ಕಾಯಿದೆಯು ೨೦೨೦ರ ಜುಲೈ ೨೦ರಿಂದ ಜಾರಿಗೆ ಬಂದಿತು. ದೋಷವುಳ್ಳ ಸರಕನ್ನು ಬಿಲ್ಲಿನಲ್ಲಿ ಕಾಣಿಸಿದ ಅವಧಿಯೊಳಗೆ, ಹಾಗೆ ಕಾಣಿಸದಿದ್ದರೆ ಮೂವತ್ತು ದಿನಗಳೊಳಗೆ, ಹಿಂದಕ್ಕೆ ತೆಗೆದುಕೊಂಡು ಹಣ ಕೊಡದಿರುವುದು ಅನ್ಯಾಯದ ವ್ಯಾಪಾರವೆಂದು ಅದು ಸಾರಿತು. ಅದೇ ತಿಂಗಳ ೨೩ರಂದು ಪ್ರಕಟವಾದ ಇ-ಕಾಮರ್ಸ್ ನಿಯಮಗಳು, ಕೆಟ್ಟ ಸರಕು, ನಕಲಿ ಸರಕು, ಜಾಹೀರಾತಿನಂತಿಲ್ಲದ ಸರಕು, ಹೇಳಿದ ದಿನಕ್ಕೆ ತಲುಪದ ಸರಕು ಇವುಗಳನ್ನು ವಾಪಸು ತೆಗೆದುಕೊಳ್ಳಲು ಮಾರಾಟಗಾರನು ನಿರಾಕರಿಸಕೂಡದೆಂದು ವಿಧಿಸಿದುವು.

ಇಷ್ಟು ನ್ಯಾಯವಾದುದೇ. ಆದರೆ ವಾಚಕರು ಇಲ್ಲೊಂದು ಭೇದವನ್ನು ಗಮನಿಸಬೇಕು. ಸರಕಿನಲ್ಲಿ ದೋಷವಿದ್ದಾಗ ವಾಪಸು ಕೊಡುವುದು ಗಿರಾಕಿಯ ಕಾನೂನುಬದ್ಧ ಹಕ್ಕು. ಬಣ್ಣ ಹಿಡಿಸಲಿಲ್ಲ, ಅಳತೆ ಸರಿಹೋಗಲಿಲ್ಲ, ಮನಸ್ಸು ಬದಲಾಯಿತು ಎಂದು ವಾಪಸು ಕೊಡುವುದು ನಮ್ಮ ದೇಶದ ಕಾನೂನು ಕೊಟ್ಟ ಹಕ್ಕಲ್ಲ; ಅದು ಪೇಟೆಯ ಒಡೆಯರು ಗಿರಾಕಿಯನ್ನು ಒಲಿಸಿಕೊಳ್ಳುವುದಕ್ಕಾಗಿ ಕೊಟ್ಟ ಸವಲತ್ತು. ಸವಲತ್ತನ್ನು ಕೊಡುವವರು ಒಬ್ಬರು, ಅದರ ಖರ್ಚನ್ನು ತೆರುವವರು ಇನ್ನೊಬ್ಬರು. ಕಂಡವರ ದುಡ್ಡಿನಲ್ಲಿ ಕಾಶೀಯಾತ್ರೆ ಮಾಡುವುದು ಯಾರಿಗೆ ತಾನೆ ಕಷ್ಟ?

ಈ ಸವಲತ್ತಿನ ಇತಿಹಾಸವನ್ನು ನೋಡಿದರೆ ಅದರ ಅಸ್ಥಿರತೆ ತಾನಾಗಿಯೇ ತಿಳಿಯುತ್ತದೆ. ೨೦೦೭ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಫ್ಲಿಪ್‌ಕಾರ್ಟ್ ಮೂವತ್ತು ದಿನಗಳ ವಾಪಸಾತಿಯ ಭರವಸೆಯಿಂದ ಗಿರಾಕಿಗಳ ನಂಬಿಕೆಯನ್ನು ಗಳಿಸಿತು. ೨೦೧೬ರ ಜೂನ್ ತಿಂಗಳಲ್ಲಿ ಮೊಬೈಲು, ಪುಸ್ತಕ ಮುಂತಾದ ಕೆಲವು ವರ್ಗಗಳ ಸರಕಿಗೆ ಆ ಅವಧಿಯನ್ನು ಹತ್ತು ದಿನಗಳಿಗೆ ಇಳಿಸಿತು. ಅದೇ ಸುಮಾರಿಗೆ ಮಾರಾಟಗಾರರು ತೆರಬೇಕಾದ ಕಮಿಷನ್ನೂ ಶುಲ್ಕಗಳೂ ಬದಲಾದುವು. ಮಾರಾಟಗಾರರು ಬಹಿರಂಗವಾಗಿ ಪ್ರತಿಭಟಿಸಿದರು. ೨೦೧೩ರಲ್ಲಿ ಭಾರತದ ಪೇಟೆಗೆ ಇಳಿದ ಅಮೆಜಾನ್ ೨೦೧೭ರಲ್ಲಿ ಮೊಬೈಲುಗಳಿಗೆ ಹಣ ವಾಪಸಿನ ಬದಲು ಸರಕಿನ ಬದಲಾವಣೆ ಮಾತ್ರವೆಂದು ನಿಯಮವನ್ನು ತಿದ್ದಿತು. ಬೆಂಗಳೂರಿನದೇ ಆದ ಮೀಶೋ ಮತ್ತೊಂದು ಮಾರ್ಗ ಹಿಡಿದು, ಒಂದೇ ಸರಕಿಗೆ ಎರಡು ಬೆಲೆ ಇಡುವ ಅವಕಾಶ ಕೊಟ್ಟಿತು. ಯಾವ ಕಾರಣಕ್ಕಾದರೂ ವಾಪಸು ಕೊಡಬಹುದಾದರೆ ಒಂದು ಬೆಲೆ; ತಪ್ಪು ಅಥವಾ ದೋಷವುಳ್ಳ ಸರಕನ್ನು ಮಾತ್ರ ವಾಪಸು ಕೊಡಬಹುದಾದರೆ ಅದಕ್ಕಿಂತ ಕಡಿಮೆ ಬೆಲೆ. ಇವುಗಳಲ್ಲಿ ಕೆಲವು ಬದಲಾವಣೆಗಳು ಮಾರಾಟಗಾರನಿಗೆ ಹಿತವೇ ಆದುವೆಂಬುದನ್ನು ನಾವು ಒಪ್ಪುತ್ತೇವೆ. ನಮ್ಮ ಆಕ್ಷೇಪಣೆ ಅವಧಿ ಹೆಚ್ಚಾಯಿತೆಂದಲ್ಲ, ಕಡಿಮೆಯಾಯಿತೆಂದೂ ಅಲ್ಲ. ಹೆಚ್ಚಿಸುವಾಗಲೂ ಇಳಿಸುವಾಗಲೂ ನಷ್ಟ ಹೊರುವವನನ್ನು ಕೇಳುವ ಪದ್ಧತಿ ಇಲ್ಲವೆಂಬುದೇ ನಮ್ಮ ಆಕ್ಷೇಪಣೆ.

ಈ ಬದಲಾವಣೆಗಳು ಸಣ್ಣ ವ್ಯಾಪಾರಿಯ ಲೆಕ್ಕದ ಪುಸ್ತಕದಲ್ಲಿ ಹೇಗೆ ಕಾಣುತ್ತವೆಂಬುದನ್ನು ಒಂದು ಉದಾಹರಣೆಯಿಂದ ತಿಳಿಯೋಣ. ಒಬ್ಬ ಬಟ್ಟೆಯ ವ್ಯಾಪಾರಿ ಐನೂರು ರೂಪಾಯಿಗೆ ಒಂದು ಕುರ್ತಾ ಮಾರುತ್ತಾನೆಂದು ಇಟ್ಟುಕೊಳ್ಳಿ. ಅಸಲು, ಕಮಿಷನ್ನು, ಸಾಗಣೆ ಎಲ್ಲ ಕಳೆದು ಅವನಿಗೆ ಉಳಿಯುವುದು ಅರುವತ್ತು ರೂಪಾಯಿ. ವಾಪಸು ಬಂದ ಒಂದೊಂದಕ್ಕೆ ಹೋಗಿಬರುವ ಸಾಗಣೆ, ಮತ್ತೆ ಇಸ್ತ್ರಿ ಮಾಡಿ ಕಟ್ಟುವ ಖರ್ಚು ಸೇರಿ ತೊಂಬತ್ತು ರೂಪಾಯಿ ಹೋಗುತ್ತದೆ. ಹತ್ತು ಮಾರಿ ಎರಡು ವಾಪಸು ಬಂದರೆ, ಎಂಟರ ಲಾಭ ನಾನೂರ ಎಂಬತ್ತು. ಅದರಲ್ಲಿ ನೂರ ಎಂಬತ್ತು ಕಳೆದರೆ ಮುನ್ನೂರು ರೂಪಾಯಿ ಉಳಿಯುತ್ತದೆ. ನಾಲ್ಕು ವಾಪಸು ಬಂದರೆ, ಆರರ ಲಾಭ ಮುನ್ನೂರ ಅರುವತ್ತು; ನಷ್ಟವೂ ಮುನ್ನೂರ ಅರುವತ್ತು. ಹತ್ತು ಜನರಿಗೆ ದುಡಿದವನ ಕೈಯಲ್ಲಿ ಒಂದು ಕಾಸೂ ಇಲ್ಲ. ಹಿಂದಿರುಗಿದ ನಾಲ್ಕರಲ್ಲಿ ಒಂದು ಕಲೆಯಾಗಿಯೋ ಹರಿದೋ ಬಂದಿದ್ದರೆ ಮೂಲಧನಕ್ಕೇ ಪೆಟ್ಟು. ನಿಯಮದಲ್ಲಿ ಒಂದು ಸಾಲು ಬದಲಾದರೆ ಎರಡು ನಾಲ್ಕಾಗಬಹುದು. ಸಾಗಣೆಯ ದರದಲ್ಲಿ ಒಂದು ಅಂಕೆ ಬದಲಾದರೆ ತೊಂಬತ್ತು ನೂರಿಪ್ಪತ್ತಾಗಬಹುದು. ದೊಡ್ಡ ವರ್ತಕನು ಒಂದು ಸರಕಿನ ನಷ್ಟವನ್ನು ಇನ್ನೊಂದರ ಲಾಭದಲ್ಲಿ ಮುಚ್ಚಿಕೊಳ್ಳುತ್ತಾನೆ. ಒಂದೇ ಕಪಾಟಿನ ಸರಕುಳ್ಳವನು ಯಾವುದರಲ್ಲಿ ಮುಚ್ಚಿಕೊಳ್ಳಬೇಕು?

ಇದರ ಜತೆಗೆ ತೆರಿಗೆಯ ಲೆಕ್ಕವೂ ಉಂಟು. ಸರಕು ಹಿಂದಿರುಗಿದಾಗ ಜಿ.ಎಸ್.ಟಿ. ಕಟ್ಟುವ ವ್ಯಾಪಾರಿಯು ಕ್ರೆಡಿಟ್ ನೋಟು ಬರೆದು, ಅದನ್ನು ತನ್ನ ತಃಖ್ತೆಯಲ್ಲಿ ಕಾಲಮಿತಿಯೊಳಗೆ ತೋರಿಸಬೇಕು. ಪೇಟೆಯವರು ಮೂಲದಲ್ಲೇ ಹಿಡಿದು ಸರಕಾರಕ್ಕೆ ಕಟ್ಟುವ ತೆರಿಗೆಯು ೨೦೨೪ರ ಜುಲೈಯಲ್ಲಿ ನೂರಕ್ಕೆ ಒಂದರಿಂದ ಅರ್ಧಕ್ಕೆ ಇಳಿದುದು ಸಂತೋಷದ ಸಂಗತಿ. ಅದನ್ನು ಲೆಕ್ಕ ಹಾಕುವುದೂ ವಾಪಸಾದ ಸರಕನ್ನು ಕಳೆದ ಮೇಲಿನ ಮೊತ್ತಕ್ಕೇ. ಆದರೂ ಪೇಟೆಯ ಲೆಕ್ಕಕ್ಕೂ ತನ್ನ ಲೆಕ್ಕಕ್ಕೂ ತಾಳೆ ನೋಡುವ ಕೆಲಸ ಮಾತ್ರ ತಪ್ಪುವುದಿಲ್ಲ.

ಹೀಗಿರಲು ನಮ್ಮ ವ್ಯಾಪಾರಿಗಳು ಕೈಕಟ್ಟಿ ಕುಳಿತಿಲ್ಲವೆಂಬುದು ಮೆಚ್ಚತಕ್ಕ ಮಾತು. ಸರಕನ್ನು ಕಟ್ಟುವಾಗ ತೂಕದ ಯಂತ್ರದ ಅಂಕೆಯೂ ಪಾರ್ಸೆಲಿನ ಚೀಟಿಯೂ ಒಟ್ಟಿಗೆ ಕಾಣುವಂತೆ ವೀಡಿಯೋ ತೆಗೆದಿಡುವುದು ಇಂದು ಈ ವ್ಯಾಪಾರದ ಮೊದಲ ಪಾಠವಾಗಿದೆ. ಹಿಂದಿರುಗಿದ ಪೆಟ್ಟಿಗೆಯನ್ನು ಬಿಚ್ಚುವಾಗಲೂ ಹಾಗೆಯೇ. ಒಮ್ಮೆ ಕಿತ್ತರೆ ಮತ್ತೆ ಅಂಟದ ಟೇಪು, ಉಡುಪಿನ ಎದ್ದು ಕಾಣುವ ಕಡೆಯಲ್ಲಿ ಕಟ್ಟಿದ ಟ್ಯಾಗು, ಒಂದೊಂದು ಸರಕಿಗೂ ತನ್ನದೇ ಗುರುತಿನ ಅಂಕೆ ಇವು ಅವರ ಕಾವಲುಗಾರರು. ಬೇರೆಯ ಸರಕು ಹಿಂದಿರುಗಿದರೆ ಪರಿಹಾರ ಬೇಡುವುದಕ್ಕೆ ಪೇಟೆಗಳಲ್ಲಿ ವ್ಯವಸ್ಥೆಗಳೂ ಇವೆ. ಆದರೆ ಅರ್ಜಿಗೆ ಗಡುವು ಉಂಟು, ಗಡುವು ತಪ್ಪಿದರೆ ಹಣ ಹೋಯಿತು. ಆದುದರಿಂದ ಜಾಣನಾದವನು ವಾಪಸು ಬಂದ ಪೆಟ್ಟಿಗೆಯನ್ನು ಮೂಲೆಯಲ್ಲಿ ರಾಶಿ ಹಾಕದೆ ಬಂದ ದಿನವೇ ಬಿಚ್ಚುತ್ತಾನೆ.

ಇನ್ನು ಕೆಲವರು ಸರಕನ್ನೇ ಬದಲಾಯಿಸುತ್ತಾರೆ. ಅಳತೆಯ ತಂಟೆಯುಳ್ಳ ಉಡುಪನ್ನು ಬಿಟ್ಟು ಸೀರೆ, ಹೊದಿಕೆ, ಪಾತ್ರೆಗಳಿಗೆ ತಿರುಗುತ್ತಾರೆ. ಉಡುಪನ್ನೇ ಮಾರುವವರು ಅಳತೆಯ ಪಟ್ಟಿಯನ್ನು ಇಂಚಿನ ಲೆಕ್ಕದಲ್ಲಿ ಕೊಟ್ಟು, ಹಗಲಿನ ಬೆಳಕಿನಲ್ಲಿ ಚಿತ್ರ ತೆಗೆಯುತ್ತಾರೆ. ಸಹಜ ಬಣ್ಣ ಹಾಕಿದ ಕೈಮಗ್ಗದ ಬಟ್ಟೆಯಲ್ಲಿ ಒಂದು ತಾನಿಗೂ ಇನ್ನೊಂದು ತಾನಿಗೂ ಛಾಯೆಯಲ್ಲಿ ಭೇದವಿರುವುದು ಆ ಬಟ್ಟೆಯ ಗುಣವೇ ಹೊರತು ದೋಷವಲ್ಲ. ಹೆಗ್ಗೋಡಿನ ಚರಕ ಸಹಕಾರ ಸಂಘದಂತಹ ಸಂಸ್ಥೆಗಳಿರುವ ಜಿಲ್ಲೆಯಲ್ಲಿ ಇದನ್ನು ವಿವರಿಸಬೇಕಾದುದಿಲ್ಲ. ಆದರೆ ದೂರದ ಗಿರಾಕಿಗೆ ಅದನ್ನು ಮೊದಲೇ ತಿಳಿಸದಿದ್ದರೆ ಅವನು ಅದನ್ನು ಮೋಸವೆಂದೇ ತಿಳಿಯುತ್ತಾನೆ. ತಿನ್ನುವ ಪದಾರ್ಥಗಳ ಸಂಗತಿಯೇ ಬೇರೆ. ಉಪ್ಪಿನಕಾಯಿಯನ್ನೂ ಜೇನನ್ನೂ ಸಾಮಾನ್ಯವಾಗಿ ಪೇಟೆಗಳು ವಾಪಸು ತರಿಸುವುದಿಲ್ಲ; ಸೀಸೆ ಒಡೆದಿದೆಯೆಂದು ಗಿರಾಕಿ ಚಿತ್ರ ಕಳುಹಿಸಿದರೆ ಹಣ ಹಿಂದಿರುಗುತ್ತದೆ, ಸರಕು ಹಿಂದಿರುಗುವುದಿಲ್ಲ. ಮಲೆನಾಡಿನ ಆಷಾಢದ ಮಳೆಯಲ್ಲಿ ನೆನೆದು ಮೆತ್ತಗಾದ ಹಪ್ಪಳವಂತೂ ಹಿಂದಿರುಗಿದರೂ ಏನು ಪ್ರಯೋಜನ?

ಗಿರಾಕಿಯ ಪಕ್ಷವನ್ನೂ ಹೇಳದಿದ್ದರೆ ನಾವು ನ್ಯಾಯವಂತರಾಗುವುದಿಲ್ಲ. ಚಿತ್ರದಲ್ಲಿ ರೇಷ್ಮೆ, ಪೆಟ್ಟಿಗೆಯಲ್ಲಿ ನೈಲಾನು. ಚಿತ್ರದಲ್ಲಿ ಹಿತ್ತಾಳೆ, ಪೆಟ್ಟಿಗೆಯಲ್ಲಿ ಬಣ್ಣ ಬಳಿದ ತಗಡು. ಇಂತಹ ವಂಚಕರೂ ನಮ್ಮ ನಡುವೆ ಇದ್ದಾರೆ. ವಾಪಸಾತಿಯ ಸೌಕರ್ಯವಿಲ್ಲದಿದ್ದರೆ ಕಣ್ಣಿನಿಂದ ನೋಡದೆ, ಕೈಯಿಂದ ಮುಟ್ಟದೆ ಯಾರು ತಾನೆ ಕೊಳ್ಳುವರು? ಅದು ಈ ಪೇಟೆಯ ಜೀವಾಳ. ಅದನ್ನು ಕಿತ್ತುಹಾಕಬೇಕೆಂದು ನಾವು ಹೇಳುವುದಿಲ್ಲ. ವಾಪಸಾತಿಗೆ ಕಾರಣರಾರೋ ಖರ್ಚೂ ಅವರದಾಗಲಿ ಎಂದಷ್ಟೇ ಹೇಳುತ್ತೇವೆ.

ಈಗಿನ ವ್ಯವಸ್ಥೆಯಲ್ಲಿ ಇದು ಎಷ್ಟು ತಲೆಕೆಳಗಾಗಿದೆಯೆಂಬುದಕ್ಕೆ ಒಂದೇ ದೃಷ್ಟಾಂತ ಸಾಕು. ತಡವಾಗಿ ತಲುಪಿದ ಸರಕನ್ನು ಮಾರಾಟಗಾರನು ವಾಪಸು ತೆಗೆದುಕೊಳ್ಳಬೇಕೆಂದು ೨೦೨೦ರ ನಿಯಮ ಹೇಳುತ್ತದೆ. ಪ್ರಕೃತಿ ವಿಕೋಪದಂತಹ ಕಾರಣಗಳಿದ್ದರೆ ಮಾತ್ರ ವಿನಾಯಿತಿ. ಆದರೆ ಬಹುಮಟ್ಟಿಗೆ ಸರಕನ್ನು ಒಯ್ಯುವವರು ಪೇಟೆಯವರೇ ಗೊತ್ತುಮಾಡಿದ ಸಾಗಣೆಗಾರರು. ವ್ಯಾಪಾರಿ ಹೊತ್ತಿಗೆ ಸರಿಯಾಗಿ ಪೆಟ್ಟಿಗೆಯನ್ನು ಒಪ್ಪಿಸಿದ್ದಾನೆ. ಅದು ಎಲ್ಲೋ ಒಂದು ಗೋದಾಮಿನಲ್ಲಿ ನಿದ್ರೆ ಮಾಡಿತು. ತಡ ಮಾಡಿದವರು ಒಬ್ಬರು, ದಂಡ ತೆತ್ತವನು ಇನ್ನೊಬ್ಬನು. ಅನ್ಯಾಯದ ಒಪ್ಪಂದದಿಂದ ಗಿರಾಕಿಯನ್ನು ಕಾಪಾಡಲು ೨೦೧೯ರ ಕಾಯಿದೆಯಿದೆ, ರಾಜ್ಯ ಆಯೋಗವಿದೆ, ೧೯೧೫ ಎಂಬ ಸಹಾಯವಾಣಿಯಿದೆ. ವ್ಯಾಪಾರಕ್ಕಾಗಿ ಪೇಟೆಯ ಸೇವೆಯನ್ನು ಪಡೆದ ಮಾರಾಟಗಾರನಿಗೆ ಸಾಮಾನ್ಯವಾಗಿ ಆ ಬಾಗಿಲು ತೆರೆಯುವುದಿಲ್ಲ. ಅವನಿಗಿರುವುದು ತಾನು ಓದದೆ ಒತ್ತಿದ "ಒಪ್ಪಿದೆ" ಎಂಬ ಗುಂಡಿ, ಮತ್ತು ಆ ಒಪ್ಪಂದದಲ್ಲಿ ಹೆಸರಿಸಿದ ದೂರದ ನಗರದ ನ್ಯಾಯಸ್ಥಾನ. ಕಟ್ಟಳೆ ಮಾಡುವವನೂ ತಕ್ಕಡಿ ಹಿಡಿಯುವವನೂ ತೀರ್ಪು ಹೇಳುವವನೂ ಒಬ್ಬನೇ ಆದಲ್ಲಿ ಆನೆ ನಡೆದದ್ದೇ ದಾರಿ.

ಇಂತಹ ಸ್ಥಿತಿ ನಮ್ಮ ಜಿಲ್ಲೆಗೆ ಅಪರಿಚಿತವಲ್ಲ. ಅಡಿಕೆ ಬೆಳೆಗಾರನು ಮಂಡಿಯ ಮುಂದೆ ಕೈಕಟ್ಟಿ ನಿಲ್ಲುತ್ತಿದ್ದ ಕಾಲವನ್ನು ನಮ್ಮ ಹಿರಿಯರು ಬಲ್ಲರು. ಸರಕು ಯಾವುದು, ಬೆಟ್ಟೆ ಯಾವುದು, ರಾಶಿ ಯಾವುದು, ಗೊರಬಲು ಯಾವುದು ಎಂಬ ದರ್ಜೆಯ ನಿರ್ಣಯದ ಮೇಲೆ ಅವನ ವರ್ಷದ ಅನ್ನ ನಿಂತಿತ್ತು. ೧೯೩೯ರಲ್ಲಿ ಶಿವಮೊಗ್ಗದಲ್ಲಿ ಮಲೆನಾಡು ಅಡಿಕೆ ಮಾರಾಟ ಸಹಕಾರ ಸಂಘ, ಅಂದರೆ ನಮ್ಮ ಮ್ಯಾಮ್‌ಕೋಸ್, ಹುಟ್ಟಿತು. ಬೆಳೆಗಾರನ ಪರವಾಗಿ ಮಾತನಾಡಬಲ್ಲ ಒಂದು ಸಂಸ್ಥೆ ಪೇಟೆಯಲ್ಲಿ ನಿಂತಿತು. ೧೯೬೬ರ ಕೃಷಿ ಉತ್ಪನ್ನ ಮಾರುಕಟ್ಟೆ ಕಾಯಿದೆಯು ಮಾರುಕಟ್ಟೆಯ ಆಡಳಿತಕ್ಕೆ ಸಮಿತಿಯನ್ನು ವಿಧಿಸಿ, ಅದರಲ್ಲಿ ಬೆಳೆಗಾರರ ಚುನಾಯಿತ ಪ್ರತಿನಿಧಿಗಳಿಗೆ ಸ್ಥಾನ ಕೊಟ್ಟಿತು. ಖರೀದಿದಾರರಿಗೆ ಲೈಸೆನ್ಸು ವಿಧಿಸಿತು. ಆ ಕಾಯಿದೆಯಿಂದ ಎಲ್ಲ ಕಷ್ಟಗಳೂ ತೀರಿದುವೆಂದು ಯಾರೂ ಹೇಳಲಾರರು. ಆದರೆ ಪೇಟೆಯೆಂಬುದು ಒಡೆಯನ ಸ್ವಂತ ಹಿತ್ತಲಲ್ಲ, ಅದು ಸಾರ್ವಜನಿಕ ಸ್ಥಳ ಎಂಬ ತತ್ತ್ವ ಅಂದು ಸ್ಥಾಪಿತವಾಯಿತು. ಕಲ್ಲಿನ ಕಟ್ಟೆಯ ಪೇಟೆಗೆ ಸಲ್ಲುವ ತತ್ತ್ವವು ಫೋನಿನೊಳಗಿನ ಪೇಟೆಗೆ ಏಕೆ ಸಲ್ಲಬಾರದು?

ಈ ಪ್ರಶ್ನೆಯನ್ನು ಹೊರದೇಶಗಳು ಈಗಾಗಲೇ ಕೇಳಿಕೊಂಡಿವೆ. ಯುರೋಪಿನ ಒಕ್ಕೂಟವು ೨೦೧೯ರಲ್ಲಿ ಮಾಡಿ ೨೦೨೦ರ ಜುಲೈ ೧೨ರಿಂದ ಅನ್ವಯಿಸಿದ ಒಂದು ಕಟ್ಟಳೆಯ ಪ್ರಕಾರ, ಆನ್‌ಲೈನ್ ಪೇಟೆಯು ಮಾರಾಟಗಾರರ ಷರತ್ತುಗಳನ್ನು ಬದಲಾಯಿಸಬೇಕಾದರೆ ಕಡೆಯ ಪಕ್ಷ ಹದಿನೈದು ದಿನಗಳ ನೋಟೀಸು ಕೊಡಬೇಕು. ಮಾರಾಟಗಾರನನ್ನು ಪೇಟೆಯಿಂದ ಹೊರಹಾಕಬೇಕಾದರೆ ಕಾರಣವನ್ನು ಬರೆದು ತಿಳಿಸಬೇಕು. ನಮ್ಮಲ್ಲಿ ೨೦೨೦ರ ನಿಯಮಗಳು ಮಾರಾಟಗಾರನೊಡನೆ ಲಿಖಿತ ಒಪ್ಪಂದವಿರಬೇಕೆನ್ನುತ್ತವೆ. ಮಾರಾಟಗಾರರ ನಡುವೆ ಭೇದ ಮಾಡುವುದಾದರೆ ಅದನ್ನು ಷರತ್ತುಗಳಲ್ಲಿ ವಿವರಿಸಬೇಕೆನ್ನುತ್ತವೆ. ವಿದೇಶೀ ಬಂಡವಾಳವುಳ್ಳ ಪೇಟೆಗಳು ಎಲ್ಲ ಮಾರಾಟಗಾರರಿಗೂ ತಾರತಮ್ಯವಿಲ್ಲದೆ ಸೇವೆ ಒದಗಿಸಬೇಕೆಂದು ೨೦೧೮ರ ಡಿಸೆಂಬರಿನಲ್ಲಿ ಕೇಂದ್ರ ಸರಕಾರವು ಹೇಳಿತು. ಅದೇ ವರ್ಷ ಅಮೆರಿಕದ ವಾಲ್‌ಮಾರ್ಟ್ ಫ್ಲಿಪ್‌ಕಾರ್ಟಿನ ನೂರಕ್ಕೆ ಎಪ್ಪತ್ತೇಳು ಪಾಲನ್ನು ಕೊಂಡಿದ್ದುದನ್ನು ವಾಚಕರು ನೆನೆಯಬಹುದು. ಬಂಡವಾಳ ಯಾವ ದೇಶದ್ದಾದರೂ ಆಗಲಿ, ಬೆವರು ಈ ದೇಶದ್ದು. ಆ ಬೆವರಿಗೆ ಹದಿನೈದು ದಿನಗಳ ಮುನ್ಸೂಚನೆಯನ್ನು ಬೇಡುವುದು ಅತ್ಯಾಶೆಯಲ್ಲ.

ಸರಕಾರದವರ ಮುಂದೆ ನಾವಿಡುವ ಸಲಹೆಗಳು ನಾಲ್ಕೇ. ಒಂದನೆಯದು, ವಾಪಸಾತಿಯ ನಿಯಮವಾಗಲಿ ಅದರ ಶುಲ್ಕವಾಗಲಿ ಹದಿನೈದು ದಿನಗಳ ನೋಟೀಸಿಲ್ಲದೆ ಬದಲಾಗಬಾರದು. ಹಳೆಯ ನಿಯಮದಲ್ಲಿ ಮಾರಿದ ಸರಕಿಗೆ ಹಳೆಯ ನಿಯಮವೇ ಸಲ್ಲಬೇಕು. ಎರಡನೆಯದು, ಗಿರಾಕಿಯ ಮನೆಯಿಂದ ಸರಕನ್ನು ಹಿಂದಕ್ಕೆ ಪಡೆಯುವಾಗ ಅದನ್ನು ತೂಗಿ, ಚಿತ್ರ ತೆಗೆದು, ಆ ದಾಖಲೆಯನ್ನು ಮಾರಾಟಗಾರನಿಗೆ ಒದಗಿಸುವ ಹೊಣೆ ಪೇಟೆಯದಾಗಬೇಕು. ದಾಖಲೆಯಿಲ್ಲದೆ ಅವನ ಹಣಕ್ಕೆ ಕೈಹಾಕಕೂಡದು. ಮೂರನೆಯದು, ಸಾಗಣೆಯ ತಪ್ಪಿನಿಂದ ಬಂದ ವಾಪಸಿನ ಖರ್ಚು ಸಾಗಣೆ ಮಾಡಿಸಿದವರಿಗೆ ಸಲ್ಲಬೇಕು. ನಾಲ್ಕನೆಯದು, ಗಿರಾಕಿಯ ದೂರನ್ನು ನಲವತ್ತೆಂಟು ಗಂಟೆಗಳಲ್ಲಿ ಸ್ವೀಕರಿಸಿ ಒಂದು ತಿಂಗಳಲ್ಲಿ ತೀರಿಸಬೇಕೆಂಬ ಈಗಿನ ವಿಧಿಯನ್ನು ಮಾರಾಟಗಾರನ ದೂರಿಗೂ ಅನ್ವಯಿಸಿ, ಆ ದೂರನ್ನು ಕನ್ನಡದಲ್ಲಿ ಬರೆದುಕೊಳ್ಳುವ ಏರ್ಪಾಡನ್ನು ಜಿಲ್ಲಾಮಟ್ಟದಲ್ಲಿ ಮಾಡಬೇಕು. ಕನ್ನಡ ನಾಡಿನಲ್ಲಿ ಕುಳಿತು ವ್ಯಾಪಾರ ಮಾಡುವವನು ತನ್ನ ನಷ್ಟವನ್ನು ತನ್ನ ಭಾಷೆಯಲ್ಲಿ ಹೇಳಿಕೊಳ್ಳಲಾಗದೆ ಸೋಲುವುದು ನಾಡಿಗೇ ನಾಚಿಕೆ.

ಆದರೆ ಎಲ್ಲವನ್ನೂ ಸರಕಾರವೇ ಮಾಡಲೆಂದು ಕಾಯುವುದು ಮಲೆನಾಡಿಗರ ಸಂಪ್ರದಾಯವಲ್ಲ. ಭದ್ರಾವತಿ ಶಿವಮೊಗ್ಗಗಳ ಆನ್‌ಲೈನ್ ವ್ಯಾಪಾರಿಗಳು ಒಬ್ಬೊಬ್ಬರೇ ತಮ್ಮ ಪೆಟ್ಟಿಗೆಯ ಮುಂದೆ ನಿಟ್ಟುಸಿರು ಬಿಡುವುದಕ್ಕೆ ಬದಲಾಗಿ ಒಂದು ಸಹಕಾರ ಸಂಘವನ್ನು ಏಕೆ ಕಟ್ಟಬಾರದು? ಪೆಟ್ಟಿಗೆ ಟೇಪುಗಳನ್ನು ಒಟ್ಟಾಗಿ ಕೊಂಡರೆ ಅಗ್ಗ. ಬದಲಾದ ನಿಯಮವನ್ನು ಓದಿ ತಿಳಿಯಾದ ಕನ್ನಡದಲ್ಲಿ ಎಲ್ಲರಿಗೂ ತಿಳಿಸಲು ಒಬ್ಬ ಗುಮಾಸ್ತನಿದ್ದರೆ ಸಾಕು. ಒಬ್ಬನ ಅರ್ಜಿಗೆ ಯಂತ್ರವು ಉತ್ತರಿಸಬಹುದು. ನೂರು ಜನರ ಅರ್ಜಿಗೆ ಮನುಷ್ಯನೇ ಉತ್ತರಿಸಬೇಕಾಗುತ್ತದೆ. ಎಂಬತ್ತಕ್ಕೂ ಹೆಚ್ಚು ವರ್ಷಗಳ ಹಿಂದೆ ಅಡಿಕೆಯವರಿಂದ ಸಾಧ್ಯವಾದುದು ಇಂದಿನ ವಿದ್ಯಾವಂತ ತರುಣರಿಂದ ಸಾಧ್ಯವಾಗದೆಂದು ನಾವು ನಂಬಲಾರೆವು.

ಕೊನೆಯದಾಗಿ ಕೊಳ್ಳುವವರಿಗೆ ಒಂದು ಮಾತು. ಕೆಟ್ಟ ಸರಕನ್ನು ಅವಶ್ಯವಾಗಿ ವಾಪಸು ಕೊಡಿರಿ. ಅದು ನಿಮ್ಮ ಹಕ್ಕು. ಆದರೆ ಮದುವೆಗೆ ಉಟ್ಟು ಮಾರನೆಯ ದಿನ ಮಡಚಿ ಕಳುಹಿಸುವ ಸೀರೆಯ ಇನ್ನೊಂದು ತುದಿಯಲ್ಲಿ ಒಂದು ಕಂಪೆನಿ ಮಾತ್ರವಿದೆಯೆಂದು ಭಾವಿಸಬೇಡಿರಿ. ಅಲ್ಲಿ ಕಾಗದನಗರದಂತಹ ಒಂದು ಊರು, ಆ ಊರಿನಲ್ಲಿ ಒಂದು ನಡುಮನೆ, ಆ ನಡುಮನೆಯಲ್ಲಿ ಅರುವತ್ತು ರೂಪಾಯಿಯ ಲಾಭವನ್ನು ನೆಚ್ಚಿದ ಒಂದು ಕುಟುಂಬವಿರಬಹುದು. ಒಮ್ಮೆ ಕಾರ್ಖಾನೆಯ ಬಾಗಿಲು ಮುಚ್ಚಿದುದನ್ನು ಕಂಡ ಆ ಊರು ತಾನೇ ತೆರೆದುಕೊಂಡ ಈ ಸಣ್ಣ ಬಾಗಿಲನ್ನಾದರೂ ಉಳಿಸಿಕೊಳ್ಳಲಿ. ಅದಕ್ಕೆ ಬೇಕಾದುದು ದಾನವಲ್ಲ, ದಯೆಯೂ ಅಲ್ಲ. ಮೊದಲೇ ತಿಳಿಸಿದ ಒಂದು ಕಟ್ಟಳೆ ಮತ್ತು ನೆಟ್ಟಗೆ ಹಿಡಿದ ಒಂದು ತಕ್ಕಡಿ.